ಮೊರದೊಳಗಿನ ತ್ರಿಭುಜ

ಪಾಂಡವಪುರದ ಆಸ್ಪತ್ರೆಯಲ್ಲಿ ನಮ್ಮ ಅತ್ತೆಯನ್ನು ಮಲಗಿಸಿರುವ ವಾರ್ಡಿಗೆ ಒಂದು ಕಿಟಕಿ ಇದೆ. ಗಾಳಿ ಇತ್ತ ತಿರುಗಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ನೇರ ಒಳಕ್ಕೆ ಬರುತ್ತದೆ, ಬೆಲ್ಲ ಸೀದು ಹುಳಿಯಾದ ಹಾಗೆ. ಪಕ್ಕದ ಮಂಚದವರು ಮೂಗಿಗೆ ಸೆರಗು ಹಿಡಿದು ಕಿಟಕಿ ಹಾಕಿ ಎನ್ನುತ್ತಾರೆ. ಹಾಕುತ್ತೇನೆ. ಅವರಿಗೆ ಜೊಂಪು ಹತ್ತಿದ ಮೇಲೆ ಮತ್ತೆ ತೆಗೆಯುತ್ತೇನೆ. ಈ ವಾಸನೆ ಕುಡಿಯುತ್ತಲೇ ನಾನು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬರೆದಿದ್ದೆ, ಇದೇ ಊರಿನ ಒಂದು ಶಾಲೆಯಲ್ಲಿ. ಆಗ ನನಗೆ ನಲವತ್ತು ತುಂಬಲು ಸ್ವಲ್ಪವೇ ಬಾಕಿ ಇತ್ತು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಸೊಂಟದ್ದೇನೋ ಡಾಕ್ಟರು ನೋಡಿಕೊಳ್ಳುತ್ತಾರೆ, ಅದಕ್ಕೂ ಮೊದಲೇ ಕೆಟ್ಟಿರುವ ನೆನಪಿಗೆ ಅವರ ಹತ್ತಿರ ಮದ್ದಿಲ್ಲ. ವರ್ಷದಿಂದ ಅವರು ನನ್ನನ್ನು ಕೆಂಪಿ ಎಂದು ಕರೆಯುತ್ತಾರೆ. ಕೆಂಪಿ ಅವರ ತಂಗಿ, ನಾನು ಆ ಮನೆಗೆ ಸೊಸೆಯಾಗಿ ಬರುವುದಕ್ಕೂ ಮುಂಚೆ ತೀರಿಕೊಂಡವಳು. ನಾನು ಪ್ರತಿ ಸಲ "ಅತ್ತೆ, ನಾನು ರತ್ನ" ಎಂದು ತಿದ್ದುತ್ತೇನೆ. ಅವರು ನನ್ನ ಮುಖವನ್ನೇ ದಿಟ್ಟಿಸಿ, ಯಾರೋ ಗುರುತಿಲ್ಲದವಳು ಮನೆಯೊಳಗೆ ನುಗ್ಗಿಬಿಟ್ಟಳೇನೋ ಎನ್ನುವಂತೆ ಹಿಂದೆ ಸರಿಯುತ್ತಾರೆ. ಆಮೇಲೆ ಊಟಕ್ಕೆ ಬಾಯಿ ತೆರೆಸುವುದಕ್ಕೆ ಅರ್ಧ ದಿನ ಬೇಕು. ಸಾಕಾಗಿ ಹೋಗಿದೆ ನನಗೆ. ಯಾರ ಹತ್ತಿರವೂ ಹೇಳುವ ಹಾಗಿಲ್ಲ, ಆದರೂ ಸಾಕಾಗಿ ಹೋಗಿದೆ.

ಗಣಿತ ಪರೀಕ್ಷೆ ಬರೆದ ವರ್ಷವೂ ಹೀಗೇ ಸುಸ್ತಾಗಿದ್ದೆ ಎಂದು ಈ ಕಿಟಕಿಯ ಹತ್ತಿರ ಕೂತಾಗ ನೆನಪಾಗುತ್ತದೆ.

ನನ್ನ ತವರು ನಾಗಮಂಗಲದಿಂದ ಕೆ.ಆರ್. ಪೇಟೆಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ. ಹತ್ತನೇ ಕ್ಲಾಸಿನಲ್ಲಿ ಎಲ್ಲದರಲ್ಲೂ ಪಾಸಾಗಿ ಗಣಿತ ಒಂದರಲ್ಲಿ ಹೋಯಿತು. ಮತ್ತೆ ಕಟ್ಟುತ್ತೇನೆ ಎನ್ನುವಷ್ಟರಲ್ಲಿ ಬೂಕನಕೆರೆ ಪಕ್ಕದ ಊರಿನಿಂದ ಗಂಡು ಬಂತು. ಗದ್ದೆ ಇದೆ, ಎಮ್ಮೆ ಇವೆ, ಹುಡುಗ ಟ್ರಾಕ್ಟರು ಓಡಿಸುತ್ತಾನೆ, ಇನ್ನೇನು ಬೇಕು ಎಂದು ನಮ್ಮಪ್ಪ ಮದುವೆ ಮಾಡಿ ಕೈ ತೊಳೆದುಕೊಂಡರು. ಅತ್ತೆ ಮಾತ್ರ ಫೇಲಾದ ಸಂಗತಿಯನ್ನು ಮರೆಯಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ "ಲೆಕ್ಕದಲ್ಲಿ ಫೇಲಾದೋಳ್ಗೆ ಅಳ್ತೆ ಎಲ್ಲಿ ಗೊತ್ತಾದದು" ಎನ್ನುವರು. ಉಪ್ಪು ಕಮ್ಮಿಯಾದರೂ ಅದೇ ಮಾತು.

ಮಕ್ಕಳು ದೊಡ್ಡವಾದ ಮೇಲೆ ನಾನು ಊರಿನ ಹೆಂಗಸರ ಹಾಲಿನ ಡೇರಿಗೆ ಸೇರಿದೆ. ಬೆಳಿಗ್ಗೆ, ಸಂಜೆ ಹಾಲು ಅಳೆದುಕೊಂಡು ಪರೀಕ್ಷೆ ಮಾಡುವ ಕೆಲಸ. ನಮ್ಮ ಕಾರ್ಯದರ್ಶಿ ದೇವಮ್ಮನವರು ಇನ್ನೊಂದು ವರ್ಷಕ್ಕೆ ಬಿಡುವವರಿದ್ದರು. ಆ ಜಾಗಕ್ಕೆ ನಾನೇ ಬರಬೇಕೆಂದು ಹಾಲು ಹಾಕುವವರೆಲ್ಲ ಹೇಳುತ್ತಿದ್ದರು. ಆದರೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅಧ್ಯಕ್ಷೆ ಮುಲಾಜಿಲ್ಲದೆ ಹೇಳಿದರು. "ನೋಡು ರತ್ನ, ಪಾಸಾಗ್ಬುಡು, ಕುರ್ಚಿ ನಿಂದೇ. ಇಲ್ದಿದ್ರೆ ನನ್ ತಂಗಿ ಸೊಸೆ ಬತ್ತಾಳೆ. ಡಿಗ್ರಿ ಓದವ್ಳೆ, ಮನೇಲಿ ಸುಮ್ಕೆ ಕೂತವ್ಳೆ."

ಆ ಕುರ್ಚಿ ನನಗೆ ಬೇಕಿತ್ತು. ಸುಳ್ಳೇಕೆ ಹೇಳಲಿ, ತುಂಬಾ ಬೇಕಿತ್ತು. ಡೇರಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯಲ್ಲಿ ನಡೆಯಬೇಕು, ಅತ್ತೆ ನೋಡಬೇಕು ಎಂದು ಎಮ್ಮೆ ಕೆಚ್ಚಲು ತೊಳೆಯುತ್ತಾ ಎಷ್ಟು ಸಲ ಅಂದುಕೊಂಡಿದ್ದೇನೋ.

ಕಲಿಸುವವರು ಬಸ್ಸಿನ ಕೃಪೆಯಿಂದ ಸಿಕ್ಕಿದರು. ನಮ್ಮೂರ ಹೈಸ್ಕೂಲಿಗೆ ಗಣಿತ ಹೇಳಿಕೊಡಲು ಪರ್ವೀನ್ ಮೇಡಂ ಶ್ರೀರಂಗಪಟ್ಟಣದಿಂದ ಬಂದು ಹೋಗುತ್ತಿದ್ದರು. ಸಂಜೆ ವಾಪಸು ಹೋಗುವ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡು ಯಾವತ್ತೂ ತಡ. ನಿಲ್ದಾಣಕ್ಕೆ ಸೂರಿಲ್ಲ. ಹಾಗಾಗಿ ಮೇಡಂ ಡೇರಿಯ ಜಗಲಿ ಮೇಲೆ ಬ್ಯಾಗು ತೊಡೆಗಿಟ್ಟುಕೊಂಡು ಕೂತಿರುತ್ತಿದ್ದರು. ಐವತ್ತು ದಾಟಿದ ಹೆಂಗಸು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಕೂತಲ್ಲೇ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸುತ್ತಿದ್ದರು. ಜೂನ್ ತಿಂಗಳ ಒಂದು ಸಂಜೆ, ಹಾಲಿನವರ ಸಾಲು ಕರಗಿದ ಮೇಲೆ ಒಂದು ಲೋಟ ಬಿಸಿ ಹಾಲು ಕೊಟ್ಟು ಕೇಳಿಯೇಬಿಟ್ಟೆ.

"ಮೇಡಂ, ಈ ವಯಸ್ನಲ್ಲಿ ಲೆಕ್ಕ ತಲೆಗೆ ಅತ್ತತದಾ?"

ಅವರು ಕಣ್ಣು ತೆರೆದರು. "ನನ್ನ ಕ್ಲಾಸಿನ ಹುಡುಗರು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾರೆ ರತ್ನಮ್ಮ. ನೀವು ಎದ್ದಿದ್ದೀರಲ್ಲ, ಅಷ್ಟು ಸಾಕು."

ಮೇಡಂ ನನ್ನನ್ನು ಪಂಡಿತೆ ಮಾಡಲು ಹೊರಡಲಿಲ್ಲ. ಫೇಲಾಗುವ ಹುಡುಗರನ್ನು ದಡ ಸೇರಿಸಲು ಮೇಷ್ಟರುಗಳೆಲ್ಲ ಮಾಡುವಂತೆ, ಪರೀಕ್ಷೆಗೆ ತಪ್ಪದೆ ಬರುವ ಪ್ರಶ್ನೆಗಳನ್ನು ಮಾತ್ರ ಆರಿಸಿದರು. ಸರಾಸರಿ, ನಕ್ಷೆ, ವೃತ್ತಕ್ಕೆ ಸ್ಪರ್ಶಕ ಎಳೆಯುವುದು. ಇವುಗಳ ಜೊತೆ ಒಂದು ಪ್ರಮೇಯ. "ಇದನ್ನ ಬಿಟ್ರೆ ಪಾಸಿನ ಗೆರೆ ಮುಟ್ಟೋದಿಲ್ಲ. ಇದೊಂದು ಗಟ್ಟಿ ಮಾಡ್ಕೊಂಡ್ರೆ ಬಚಾವ್" ಎಂದರು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವ ಪ್ರಮೇಯ ಅದು. ಕೇಳಿದ ಕೂಡಲೇ ನನಗೆ ಆಕಳಿಕೆ ಬಂತು.

ಆ ಪದಗಳೇ ನನಗೆ ಭಾರ. ದತ್ತ, ಸಾಧನೀಯ, ರಚನೆ, ಸಾಧನೆ. ಶೃಂಗ, ಲಂಬ, ಅನುರೂಪ ಕೋನ. ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ ಯಾರೂ ಆಡದ ಮಾತುಗಳು. ಸರ್ವಸಮ ಎಂದರೆ ಒಂದರ ಮೇಲೊಂದು ಇಟ್ಟರೆ ಕೂತುಕೊಳ್ಳುವಂಥದು, ಸಮರೂಪ ಎಂದರೆ ಆಕಾರ ಒಂದೇ, ಅಳತೆ ಬೇರೆ. ಇದನ್ನು ನೆನಪಿಟ್ಟುಕೊಳ್ಳಲು ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಡಿದು ಬಡಿದು ಹೇಳಿಕೊಳ್ಳುತ್ತಿದ್ದೆ. ಯಜಮಾನರು ಟ್ರಾಕ್ಟರು ಒರೆಸುತ್ತಾ, "ಏನಮ್ಮಿ, ಮಂತ್ರ ಗಿಂತ್ರ ಕಲೀತಿದ್ದೀಯಾ?" ಎಂದು ನಗುತ್ತಿದ್ದರು. ಅವರು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ಅತ್ತೆ ಮಾತ್ರ ನೇರವಾಗಿ, "ಎಮ್ಮೆ ಕರೆಯೋಳ್ಗೆ ಮೂಲೆ ಗೀಲೆ ಯಾಕವ್ವಾ? ಮನೆ ಮೂಲೆ ಗುಡ್ಸು, ಅಷ್ಟ್ ಸಾಕು" ಎಂದರು.

ಒಂದು ಸಂಜೆ ಮೇಡಂ ಡೇರಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಭುಜ ಬರೆದು, ಎರಡು ಬಾಹು ಸಮ ಇದ್ದರೆ ಅವುಗಳ ಎದುರಿನ ಕೋನಗಳೂ ಸಮ ಎಂದು ಸಾಧಿಸಿ ಎಂದರು. ಅವತ್ತು ಬೆಳಗಿನಿಂದ ಮೈ ಮುರಿದುಹೋಗಿತ್ತು. ನನಗೆ ರೇಗಿತು.

"ಸಾಧಿಸೋದೇನು ಮೇಡಂ, ಕಾಣ್ತಾ ಅದಲ್ಲ."

"ಹಾಲಿಗೆ ನೀರು ಹಾಕಿದಾರೋ ಇಲ್ವೋ ನೀವು ಕಣ್ಣಲ್ಲಿ ನೋಡಿ ಹೇಳ್ತೀರಾ?"

"ಇಲ್ಲ. ಲ್ಯಾಕ್ಟೋಮೀಟರು ಬುಟ್ಟು ನೋಡ್ತೀನಿ."

"ಯಾಕೆ? ಕಾಣುತ್ತಲ್ಲ."

"ಕಣ್ಣು ನಂಬಕಾಯ್ತದಾ? ನಾಳೆ ಜಗಳಕ್ಕೆ ಬತ್ತಾರೆ."

"ಸರಿ. ಹಾಗಾದ್ರೆ ಈ ಕೋನ ಅಳೆದೇ ನೋಡಿದ್ರಿ, ಸಮ ಬಂತು ಅಂತಿಟ್ಕೊಳ್ಳಿ. ಯಾವುದು ಸಮ ಅಂತ ಗೊತ್ತಾಯ್ತು? ಈ ನೆಲದ ಮೇಲಿರೋ ಈ ಒಂದು ತ್ರಿಭುಜ. ಪಕ್ಕದ್ದಕ್ಕೆ ಮತ್ತೆ ಅಳೀಬೇಕು. ಸಾಧನೆ ಅಂದ್ರೆ ಇನ್ನೂ ಯಾರೂ ಬರೆಯದೇ ಇರೋದಕ್ಕೂ ಸೇರಿಸಿ ಹೇಳೋ ಮಾತು."

ಪ್ರಪಂಚದ ತ್ರಿಭುಜಗಳ ಉಸಾಬರಿಯೆಲ್ಲ ನನಗೇಕೆ, ನನಗೆ ಬೇಕಾದದ್ದು ಒಂದು ಕುರ್ಚಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಸ್ಸು ಬಂತು. ಮೇಡಂ ಮಂಡಿ ಹಿಡಿದುಕೊಂಡು ಎದ್ದು ಹೋದರು. ನಾನು ನೀರು ಸುರಿದು ತ್ರಿಭುಜ ತೊಳೆದೆ.

ಮಳೆಗಾಲ ಹಾಗೆ ಕಳೆಯಿತು, ದಸರಾ ಕಳೆಯಿತು. ಪ್ರಮೇಯವನ್ನು ನಾನು ಬಾಯಿಪಾಠ ಮಾಡಿಬಿಟ್ಟೆ. ಎ, ಬಿ, ಸಿ, ಡಿ, ಇ ಎಂದು ಮೇಲಿಂದ ಕೆಳಕ್ಕೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆ. ಮೇಡಂ ನಡುವೆ ಏನಾದರೂ ಕೇಳಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು. ಅವರು ನಿಟ್ಟುಸಿರು ಬಿಡುತ್ತಿದ್ದರು, ಅಷ್ಟರಲ್ಲಿ ಬಸ್ಸು ಬರುತ್ತಿತ್ತು.

ಸಂಕ್ರಾಂತಿ ಮುಗಿದ ವಾರ ಮೇಡಂ ಬಂದು, ವರ್ಗ ಆಗಿದೆ ಎಂದರು. ತಾಯಿಯ ಕಾರಣಕ್ಕೆ ಎಷ್ಟೋ ದಿನದಿಂದ ಕೇಳಿದ್ದು ಈಗ ಸಿಕ್ಕಿತ್ತು, ಮನೆಗೆ ನಡೆದುಕೊಂಡು ಹೋಗುವಷ್ಟು ಹತ್ತಿರದ ಶಾಲೆ. ಅವರ ಮುಖದಲ್ಲಿ ಖುಷಿಗಿಂತ ಸದ್ಯ ಎನ್ನುವ ಭಾವವೇ ಹೆಚ್ಚು. ನನ್ನ ಪರೀಕ್ಷೆ ಹತ್ತಿರ ಬಂದಿತ್ತು. ಆದರೂ ಒಳ್ಳೇದಾಯ್ತು ಮೇಡಂ ಎಂದೆ. ಬೇರೇನು ಹೇಳಲಿ. ಅವರು ಫೋನ್ ನಂಬರು ಕೊಟ್ಟು, "ಯಾರಾದ್ರೂ ಎದುರಿಗೆ ಕೂರಿಸ್ಕೊಂಡು ಹೇಳಿ. ಗೋಡೆಗೆ ಹೇಳ್ಬೇಡಿ" ಎಂದು ಬಸ್ಸು ಹತ್ತಿದರು.

ಎದುರಿಗೆ ಕೂರುವವರು ಯಾರು? ಮಗ ಮಂಡ್ಯದ ಹಾಸ್ಟೆಲಿನಲ್ಲಿ. ಮಗಳು ಮದುವೆಯಾಗಿ ಕಿಕ್ಕೇರಿಯಲ್ಲಿ. ಯಜಮಾನರಿಗೆ ಕಬ್ಬು ಕಡಿಯುವ ಕಾಲ, ಊಟ ಮಾಡುತ್ತಲೇ ತೂಕಡಿಸುತ್ತಿದ್ದರು. ಉಳಿದವರು ಅತ್ತೆ.

ಅದು ಅವರೆಕಾಯಿ ಕಾಲ. ಸಂಜೆ ಡೇರಿ ಮುಗಿಸಿ ಬಂದರೆ ನೆನೆಸಿದ ಅವರೆಕಾಳಿನ ಬಟ್ಟಲಿಟ್ಟುಕೊಂಡು ಅತ್ತೆ ನಡುಮನೆಯಲ್ಲಿ ಕೂತಿರುತ್ತಿದ್ದರು. ಇಬ್ಬರೂ ಎದುರುಬದುರು ಕೂತು, ನಡುವೆ ಮೊರ ಇಟ್ಟುಕೊಂಡು ಕಾಳು ಹಿತುಕುವುದು. ಬೆರಳು ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಬಾಯಿಗೆ ಕೆಲಸವಿಲ್ಲ. ಒಂದು ದಿನ ನಾನು ಕಾಳು ಹಿತುಕುತ್ತಾ ಪ್ರಮೇಯ ಗೊಣಗಿಕೊಂಡೆ. ಎ ಬಿ ಸಿ ತ್ರಿಭುಜದಲ್ಲಿ ಡಿ ಇ ರೇಖೆಯು ಬಿ ಸಿ ಬಾಹುವಿಗೆ ಸಮಾಂತರ.

"ಅದೇನಮ್ಮಿ, ಬೀಸೀ ಬೀಸೀ ಅಂತ ಸೊಳ್ಳೆ ಗುಯ್ಗುಟ್ಟಂಗೆ" ಎಂದರು ಅತ್ತೆ. "ನಂಗೆ ಅರ್ಥ ಆಗೋ ಅಂಗೆ ಏಳು, ಇಲ್ದಿದ್ರೆ ಬಾಯ್ಮುಚ್ಕೊಂಡು ಕಾಳು ಇತುಕು."

ಅತ್ತೆಗೆ ಎ ಬಿ ಸಿ ಬರುವುದಿಲ್ಲ. ನಾನು ಮೊರದ ಮೇಲೆ ಮೂರು ಕಾಳು ಇಟ್ಟೆ. "ಮೇಲಿರೋದು ನಾಗಮಂಗಲ ಅನ್ಕೊಳಿ. ಈ ಕೆಳಗ್ಲದು ಕೆ.ಆರ್. ಪೇಟೆ. ಆ ಕೆಳಗ್ಲದು ಪಾಂಡವಪುರ."

"ಊಂ."

"ನಾಗಮಂಗಲದಿಂದ ಪೇಟೆಗೆ ಓಗೋ ದಾರೀಲಿ ನನ್ ತವರು. ನಾಗಮಂಗಲದಿಂದ ಪಾಂಡವಪುರಕ್ಕೆ ಬರೋ ದಾರೀಲಿ ಜಕ್ಕನಹಳ್ಳಿ. ತವರಿಂದ ಜಕ್ಕನಹಳ್ಳಿಗೆ ಒಂದು ನೇರ ಗೆರೆ. ಅದು ಕೆಳಗೆ ಪೇಟೆಯಿಂದ ಪಾಂಡವಪುರದ ಗೆರೆ ಎಂಗ್ ಓಯ್ತದೋ ಅಂಗೇ ಓಯ್ತದೆ. ಎಲ್ಲೂ ಸೇರಲ್ಲ."

"ಯಾಕಂತೆ? ಆ ರೋಡೆಲ್ಲ ಸೊಟ್ಟ."

"ನೇರ ಅದೆ ಅನ್ಕೊಳಿ ಅತ್ತೆ. ಅದು ದತ್ತ. ಕೊಟ್ಟಿರೋ ಮಾತು. ಅದನ್ನ ಕೇಳಂಗಿಲ್ಲ."

"ಓಹೋ. ನಿಮ್ಮಪ್ಪ ಮದ್ವೇಲಿ ಕೊಟ್ಟಂಗೆ" ಎಂದು ಅತ್ತೆ ಮೂತಿ ತಿರುವಿದರು. "ಆಯ್ತು, ಮುಂದಕ್ಕೇಳು."

ಮುಂದಕ್ಕೆ ಹೇಳಿದೆ. ತವರಿನಿಂದ ಪಾಂಡವಪುರಕ್ಕೆ ಒಂದು ಗೆರೆ, ಜಕ್ಕನಹಳ್ಳಿಯಿಂದ ಪೇಟೆಗೆ ಒಂದು ಗೆರೆ. "ಕೇಳ್ದೆ ಇರೋ ಗೆರೆ ಯಾಕೆ ಎಳೀತಿಯೇ?" ಎಂದರು. ಇದು ರಚನೆ, ಕೆಲಸ ಆಗುವುದಕ್ಕೆ ನಾವೇ ಹಾಕಿಕೊಳ್ಳುವುದು ಎಂದೆ. ಅಟ್ಟಕ್ಕೆ ಹತ್ತಲು ಏಣಿ ತಂದ ಹಾಗೆ ಅನ್ನು ಎಂದರು. ಹೌದು ಎಂದೆ. ಹಾಗೆ ಮುಂದುವರಿದು, ತವರು-ಜಕ್ಕನಹಳ್ಳಿ ಗೆರೆಯಿಂದ ಪೇಟೆಗೆ ಚಾಚಿದ ಒಂದು, ಪಾಂಡವಪುರಕ್ಕೆ ಚಾಚಿದ ಒಂದು, ಈ ಎರಡು ಸಣ್ಣ ತ್ರಿಭುಜಗಳ ವಿಸ್ತೀರ್ಣ ಸಮ ಎನ್ನುವ ಕಡೆ ಬಂದೆ.

"ಯಾಕಂತೆ?" ಎಂದರು ಅತ್ತೆ. "ಒಂದು ಅತ್ಲಾಗ್ ವಾಲ್ಕೊಂಡದೆ, ಒಂದು ಇತ್ಲಾಗ್ ವಾಲ್ಕೊಂಡದೆ. ಎಂಗ್ ಸಮ ಆದದು?"

ನಾನು ಬಾಯಿ ತೆರೆದೆ. ಒಂದೇ ಪಾದ, ಎರಡು ಸಮಾಂತರ ರೇಖೆಗಳ ನಡುವೆ ಎಂದು ನಾಲಿಗೆ ಹೇಳಿತು. ಆದರೆ ಹಾಗೆಂದರೇನು ಎಂದು ಅತ್ತೆ ಮತ್ತೆ ಕೇಳಿದಾಗ ಅದೇ ಸಾಲನ್ನು ಇನ್ನೊಮ್ಮೆ ಒಪ್ಪಿಸಿದೆ. ಇಷ್ಟು ತಿಂಗಳು ಬಾಯಿಪಾಠ ಮಾಡಿದ್ದೇನೆ, ಅರ್ಥವಾಗಿಲ್ಲ ಎಂದು ಆಗ ಗೊತ್ತಾಯಿತು. ಮರುದಿನ ಮೇಡಂಗೆ ಫೋನ್ ಮಾಡಿದೆ. ಆ ಕಡೆ ತಾಯಿಗೆ ಗಂಜಿ ಕುಡಿಸುತ್ತಿದ್ದರೇನೋ, ಚಮಚದ ಸದ್ದು ಕೇಳುತ್ತಿತ್ತು.

"ನೀವು ಬಾಯಿಪಾಠ ಮಾಡಿದೀರಿ ಅಂತ ನನಗೆ ಗೊತ್ತಿತ್ತು ರತ್ನಮ್ಮ. ಕೇಳೋರಿಗೆ ಟೈಮಿರಲಿಲ್ಲ, ಬಸ್ ಬಂದ್ಬಿಡ್ತಿತ್ತು. ಈಗ ಕೇಳೋರು ಸಿಕ್ಕಿದಾರೆ, ಅವರನ್ನ ಬಿಡಬೇಡಿ" ಎಂದರು. ಪಾದ, ಎಂದರೆ ತ್ರಿಭುಜ ನಿಲ್ಲುವ ಗೆರೆ, ಒಂದೇ ಆಗಿ ಎತ್ತರವೂ ಒಂದೇ ಆದರೆ ತುದಿ ಎತ್ತ ವಾಲಿದರೂ ಒಳಗಿನ ಜಾಗ ಅಷ್ಟೇ ಎನ್ನುವುದನ್ನು ಸಾವಧಾನವಾಗಿ ಬಿಡಿಸಿ ಹೇಳಿದರು. ಅವತ್ತು ಸಂಜೆ ನಾನು ಅದನ್ನು ಮೊರದ ಮೇಲೆ ಅತ್ತೆಗೆ ಹೇಳಿದೆ. ಅವರು ಒಪ್ಪಲಿಲ್ಲ. ಮರುದಿನವೂ ಒಪ್ಪಲಿಲ್ಲ. ಒಪ್ಪಿದ ದಿನ ಅವರು "ಊಂ, ಮುಂದಕ್ಕೆ" ಎಂದರು ಅಷ್ಟೇ. ನನಗೆ ಅಳು ಬಂದುಬಿಟ್ಟಿತು, ಅವರೆಸಿಪ್ಪೆ ಕೊಡವುವ ನೆಪದಲ್ಲಿ ಎದ್ದು ಹಿತ್ತಲಿಗೆ ಹೋದೆ.

ಅವರೆ ಕಾಲ ಮುಗಿದ ಮೇಲೂ ನಾವು ಮೊರ ಇಟ್ಟುಕೊಂಡು ಕೂರುತ್ತಿದ್ದೆವು. ಹುರುಳಿಯಲ್ಲಿ ಕಲ್ಲು ಆರಿಸುವುದು, ಹುಣಸೆ ಬೀಜ ತೆಗೆಯುವುದು, ಏನೋ ಒಂದು. ಹುಣಸೆ ಬೀಜವೇ ನಾಗಮಂಗಲವಾಗುತ್ತಿತ್ತು. ಅತ್ತೆಗೆ ಪ್ರಮೇಯದ ಅಕ್ಷರ ಒಂದೂ ಬರುತ್ತಿರಲಿಲ್ಲ, ಆದರೆ ನಾನು ಒಂದು ಹೆಜ್ಜೆ ನುಂಗಿದರೆ ಸಾಕು, "ಯಾಕಂತೆ?" ಎಂದು ತಡೆಯುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಕಾರಣ. ಕೊಟ್ಟರೆ ಬಿಡುವರು, ಕೊಡದಿದ್ದರೆ ಬೀಜ ಎತ್ತಿ ಡಬ್ಬಕ್ಕೆ ಹಾಕಿಬಿಡುವರು. ಅಷ್ಟು ವರ್ಷದಲ್ಲಿ ನಾವಿಬ್ಬರು ಒಟ್ಟಿಗೆ ಕೂತು ಜಗಳವಾಡದೆ ಮಾತಾಡಿದ್ದು ಅದೇ ಮೊದಲು. ನನಗೆ ಅದು ಇಷ್ಟವಾಗಿತ್ತು.

ಪರೀಕ್ಷೆಯ ದಿನ ಪಾಂಡವಪುರದ ಶಾಲೆಯ ಗೇಟಿನಲ್ಲಿ ಒಬ್ಬ ಎಳೆಯ ಮೇಷ್ಟರು ನನ್ನನ್ನು ತಡೆದು, "ಪೋಷಕರು ಒಳಗೆ ಬರೋ ಹಾಗಿಲ್ಲಮ್ಮ" ಎಂದರು. ಪ್ರವೇಶಪತ್ರ ತೋರಿಸಿದೆ. ಅವರು ನಾಚಿಕೊಂಡರು, ನಾನು ಅವರಿಗಿಂತ ಹೆಚ್ಚು ನಾಚಿಕೊಂಡೆ. ಕಬ್ಬು ಅರೆಯುವ ಕಾಲ ಇನ್ನೂ ಮುಗಿದಿರಲಿಲ್ಲ. ಕೊಠಡಿಯ ತುಂಬಾ ಕಾಕಂಬಿ ವಾಸನೆ. ಬೆಳಿಗ್ಗೆ ಎಮ್ಮೆ ಕರೆದು, ಡೇರಿ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೆ. ಡೆಸ್ಕು ಮಕ್ಕಳ ಅಳತೆಯದು, ಮಂಡಿ ತಗಲುತ್ತಿತ್ತು.

ನಕ್ಷೆ ಬರೆದೆ, ಸರಾಸರಿ ಬರೆದೆ, ಸ್ಪರ್ಶಕ ಎಳೆದೆ. ಪ್ರಮೇಯ ಬಂದಿತ್ತು. ಅದನ್ನು ಕಂಡಾಗ ಎಷ್ಟು ಧೈರ್ಯ ಬಂತೆಂದರೆ ಪ್ರಶ್ನೆಯನ್ನು ಪೂರ್ತಿ ಓದಲೇ ಇಲ್ಲ. ತ್ರಿಭುಜ ಬರೆದೆ. ಕೈ ತನ್ನ ಪಾಡಿಗೆ ಓಡಿತು. ದತ್ತ, ಸಾಧನೀಯ, ರಚನೆ, ಸಾಧನೆ, ಪ್ರತಿ ಸಾಲಿನ ಪಕ್ಕದಲ್ಲಿ ಕಾರಣ. ಅತ್ತೆ ಎದುರಿಗೆ ಕೂತು ಯಾಕಂತೆ ಯಾಕಂತೆ ಎನ್ನುತ್ತಿದ್ದ ಹಾಗೇ ಇತ್ತು. ಒಂದು ಕಡೆಯೂ ತಡವರಿಸಲಿಲ್ಲ.

ಕೊನೆಯ ಎಚ್ಚರಿಕೆಯ ಗಂಟೆ ಹೊಡೆದಾಗ ಒಮ್ಮೆ ತಿರುಗಿ ನೋಡಿದೆ. ತ್ರಿಭುಜದ ಮೇಲಿನ ಮೂಲೆಯಲ್ಲಿ 'ನಾ' ಎಂದಿತ್ತು. ಕೆಳಗೆ 'ಕೆ', 'ಪಾ'. ಬಾಹುಗಳ ಮೇಲೆ 'ತ', 'ಜ'. ಸಾಧನೆಯ ಉದ್ದಕ್ಕೂ ನಾ ತ ಭಾಗಿಸು ತ ಕೆ, ನಾ ಜ ಭಾಗಿಸು ಜ ಪಾ. ಪ್ರಶ್ನೆಪತ್ರಿಕೆಯಲ್ಲಿ ನೋಡಿದರೆ ಮೇಡಂ ಹೇಳಿದ ಎ ಬಿ ಸಿ ಕೂಡ ಇರಲಿಲ್ಲ. ತ್ರಿಭುಜ ಪಿ ಕ್ಯೂ ಆರ್, ಗೆರೆ ಎಸ್ ಟಿ ಎಂದಿತ್ತು.

ಅಯ್ಯೋ ನನ್ನ ಕರ್ಮವೇ, ಡೇರಿಯ ಕುರ್ಚಿ ಹೋಯಿತು ಎಂದುಕೊಂಡೆ. ಎಲ್ಲ ಹೊಡೆದುಹಾಕಿ ಹೊಸದಾಗಿ ಬರೆಯಲು ಸಮಯವಿಲ್ಲ. ಬರೆಯಲು ಹೋದರೆ ಪಿ ಯಾವುದು ಎಸ್ ಯಾವುದು ಎಂದು ಗೊಂದಲವಾಗಿ ಇರುವುದೂ ಕೆಡುತ್ತದೆ. ಪೆನ್ನಿನ ತುದಿ ಮೊದಲ ಸಾಲಿನ ಮೇಲಿತ್ತು, ಹೊಡೆದುಹಾಕಲು. ಆಗ ಒಂದು ಪ್ರಶ್ನೆ ತಲೆಗೆ ಬಂತು, ಅತ್ತೆಯ ದನಿಯಲ್ಲೇ ಬಂತು. ಯಾಕಂತೆ? ಯಾಕೆ ತಪ್ಪಂತೆ? ನಾನು ಹುಡುಕಿದೆ. ಕಾರಣ ಸಿಕ್ಕಲಿಲ್ಲ. ಯಾವ ಸಾಲೂ ಸುಳ್ಳಾಗಿರಲಿಲ್ಲ. ಹೆಸರು ಬೇರೆ, ಅಷ್ಟೇ. ಚಿತ್ರದ ಕೆಳಗೆ ಜಾಗವಿತ್ತು. ಅಲ್ಲಿ ಬರೆದೆ: "ಇಲ್ಲಿ 'ನಾ' ಎಂದರೆ ಪ್ರಶ್ನೆಯಲ್ಲಿರುವ 'ಪಿ' ಎಂದು ತಿಳಿಯುವುದು. 'ಕೆ' ಎಂದರೆ 'ಕ್ಯೂ', 'ಪಾ' ಎಂದರೆ 'ಆರ್', 'ತ' ಎಂದರೆ 'ಎಸ್', 'ಜ' ಎಂದರೆ 'ಟಿ' ಎಂದು ತಿಳಿಯುವುದು." ಗಂಟೆ ಹೊಡೆಯಿತು, ಆ ಎಳೆಯ ಮೇಷ್ಟರು ಬಂದು ಹಾಳೆ ಎತ್ತಿಕೊಂಡರು.

ಹೊರಗೆ ಬಂದು ಹುಣಸೆಮರದ ಕೆಳಗೆ ನಿಂತು ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, ಚಿತ್ರದ ಕೆಳಗೆ ಬರೆದ ಸಾಲನ್ನು ಇನ್ನೊಂದು ಸಲ ಹೇಳಿಸಿದರು. ನಗುತ್ತಿದ್ದಾರೋ ಬೇಜಾರಾಯಿತೋ ತಿಳಿಯಲಿಲ್ಲ.

"ಅರೆ ರತ್ನಮ್ಮ" ಎಂದರು ಕೊನೆಗೆ. "ಆ ಸಾಲು ನಾನು ಹೇಳಿಕೊಟ್ಟಿದ್ದಲ್ಲ."

"ತಪ್ಪಾ ಮೇಡಂ?"

"ನನ್ನ ಕೈಗೆ ಆ ಪೇಪರು ಬಂದ್ರೆ ಪೂರ್ತಿ ಅಂಕ ಕೊಡ್ತೀನಿ. ಯಾರ ಕೈಗೆ ಹೋಗುತ್ತೋ ಗೊತ್ತಿಲ್ಲ. ದಣಿದೋರ ಕೈಗೆ ಹೋದ್ರೆ ಕಷ್ಟ, ಚಿತ್ರ ನೋಡಿ ಗೀಟು ಹಾಕ್ಬಿಡ್ತಾರೆ."

ಫಲಿತಾಂಶ ಬರುವವರೆಗೆ ದಿನಗಳು ತೆವಳಿದವು. ಮನೆಯಲ್ಲಿ ಮುಚ್ಚಿಡಲಿಲ್ಲ, ನಡೆದದ್ದು ಹೇಳಿದೆ. ಯಜಮಾನರು "ಓಗ್ಲಿ ಬುಡು" ಎಂದರು. ಅತ್ತೆಯ ಬಾಯಿಂದ ಫೇಲಾದೋಳು ಎನ್ನುವ ಮಾತು ಬರಲಿಲ್ಲ. ಮೊರ ಎತ್ತಿ ಗೂಟಕ್ಕೆ ನೇತುಹಾಕಿ ತಾವೊಬ್ಬರೇ ಹಿತ್ತಲಲ್ಲಿ ಕೂರತೊಡಗಿದರು. ಒಂದು ಮಧ್ಯಾಹ್ನ ನಾನು ಎಮ್ಮೆಗೆ ನೀರು ತೋರಿಸುವಾಗ ಹಿಂದಿನಿಂದ ಬಂದು ನಿಂತರು.

"ನಾಗಮಂಗ್ಲ ಗೀಗಮಂಗ್ಲ ಅಂತ ನಾನು ಕುಣಿಸ್ದೆ ಇದ್ದಿದ್ರೆ ನೀನು ಇಸ್ಕೂಲಿನ ಅಕ್ಸರವೇ ಬರೀತಿದ್ದೆ, ಅಲ್ವಾ ಮಗಾ? ನನ್ನಿಂದ ಕೆಟ್ಟೋಯ್ತು."

ಮಗಾ ಎಂದು ಅವರು ನನ್ನನ್ನು ಎಂದೂ ಕರೆದಿರಲಿಲ್ಲ. "ನಿಮ್ಮಿಂದ ಕೆಡ್ಲಿಲ್ಲ ಅತ್ತೆ" ಎಂದೆ. "ಯಾಕಂತೆ?" ಎಂದರು. ನಾನು ಎಮ್ಮೆಯ ಬಾನಿಗೆ ನೀರು ಸುರಿಯುತ್ತಾ ನಿಂತೆ.

ಪಾಸಾದೆ. ಪಾಸಿನ ಗೆರೆಯನ್ನು ಮುಟ್ಟಿ ಸ್ವಲ್ಪವೇ ದಾಟಿದ್ದೆ. ಮೇಡಂ ಫೋನಿನಲ್ಲೇ ಲೆಕ್ಕ ಹಾಕಿದರು. ಪ್ರಮೇಯಕ್ಕೆ ಅಂಕ ಬಂದಿಲ್ಲ ಎಂದಿಟ್ಟುಕೊಂಡರೆ ಪಾಸಾಗುವುದು ಸಾಧ್ಯವೇ ಇಲ್ಲ. ಆದರೆ ಪಾಸಾಗಿದ್ದೇನೆ. ಹಾಗಾದರೆ ಅಂಕ ಬಂದಿದೆ. "ಇದೂ ಒಂದು ಥರದ ಸಾಧನೆ ರತ್ನಮ್ಮ, ಪುಸ್ತಕದಲ್ಲಿದೆ" ಎಂದರು. ನಾನು ಒಳಗೆ ಹೋಗಿ ಅತ್ತೆಗೆ ಪಾಸಾದೆ ಎಂದೆ. ಅವರು ತಲೆ ಎತ್ತದೆ "ಯಾಕಂತೆ?" ಎಂದರು. ಆಮೇಲೆ ಗೂಟದಿಂದ ಮೊರ ಇಳಿಸಿಕೊಂಡು, "ಕೂತ್ಕೊ, ಯಾಕಂತ ಏಳು" ಎಂದರು.

ಡೇರಿಯ ಕುರ್ಚಿ ಸಿಕ್ಕಿತು, ಬೀಗದ ಕೈಯೂ ಸೊಂಟಕ್ಕೆ ಬಂತು. ಅತ್ತೆ ನೋಡಿದರು ಕೂಡ. ಆದರೆ ದಣಿವು ಕಮ್ಮಿಯಾಯಿತು ಎಂದು ಯಾರೂ ಭಾವಿಸುವುದು ಬೇಡ. ಮೊದಲು ಹಾಲು ಅಳೆದು ಮನೆಗೆ ಬರುತ್ತಿದ್ದೆ. ಈಗ ಹಾಲಿನ ಲಾರಿ ಬಾರದಿದ್ದರೂ, ಹಾಲು ಒಡೆದರೂ, ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ನನ್ನ ಬಾಗಿಲಿಗೇ ಬರುತ್ತಾರೆ. ಮೇಡಂ ನಿವೃತ್ತರಾದರು. ಅವರ ತಾಯಿ ತೀರಿಕೊಂಡು ಕೆಲವು ದಿನವಾದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋಗಿ ಬಂದೆ. ಬಸ್ಸಿಗೆ ಬಿಡಲು ಬಂದವರು ಕೈ ಹಿಡಿದುಕೊಂಡು, ಈಗ ಸಂಜೆ ಹೊತ್ತು ಏನು ಮಾಡಬೇಕು ಅಂತಲೇ ಗೊತ್ತಾಗೋದಿಲ್ಲ ರತ್ನಮ್ಮ ಎಂದರು.

ಇದನ್ನೆಲ್ಲ ನೆನೆಯುತ್ತಾ ಕಿಟಕಿ ಪಕ್ಕ ತೂಕಡಿಸಿದ್ದೆನೇನೋ. ನರ್ಸಮ್ಮ ಬಂದು ಭುಜ ಮುಟ್ಟಿದಾಗ ಎಚ್ಚರವಾಯಿತು. ಅವರ ಕೈಯಲ್ಲಿ ಮಾತ್ರೆ, ನೀರು.

"ಅಜ್ಜಿ ಬಾಯೇ ಬುಡ್ತಿಲ್ಲ. ಕೆಂಪಿ ಬರ್ಲಿ, ಆಮ್ಯಾಕ್ ನುಂಗ್ತೀನಿ ಅಂತಾವ್ರೆ. ಯಾರಮ್ಮ ಕೆಂಪಿ ಅಂದ್ರೆ? ಹೊರಗೆ ಇದ್ದಾರಾ?"

ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಕಣ್ಣಲ್ಲಿ ನೀರಿತ್ತು. ನಾನು ರತ್ನ ಎಂದು ಹೇಳುವುದಕ್ಕೆ ಬಾಯಿ ತೆರೆದಿದ್ದೆ, ಅಭ್ಯಾಸದಂತೆ. ನಿಲ್ಲಿಸಿದೆ. ನರ್ಸಮ್ಮನ ಕೈಯಿಂದ ಮಾತ್ರೆ ಇಸಿದುಕೊಂಡು, "ನಾನೇ ಕಣಮ್ಮ ಕೆಂಪಿ" ಎಂದೆ.

ಮಂಚದ ಅಂಚಿಗೆ ಕೂತು ಅತ್ತೆಯ ಕೈ ಹಿಡಿದೆ. "ಬಂದೆ ಕಣಕ್ಕ. ಬಾಯ್ ಬುಡು" ಎಂದೆ.

ಅವರು ಬಾಯಿ ತೆರೆದರು.